ರೇಶನ್ ಲೆಕ್ಕ ನೋಡಿದ ಜನರಲ್‌ಗೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಅಮೆರಿಕದ ಅಂತರ್ಯುದ್ಧದ ಲೇಖನ ಓದಿದೆ. ಲಿಂಕನ್, ಗ್ರಾಂಟ್, ಲೀ ಎಲ್ಲರೂ ಇದ್ದಾರೆ. ಉತ್ತರದ ಸೇನೆಯ ಜನರಲ್ ಈಥನ್ ಅಲನ್ ಹಿಚ್‌ಕಾಕ್ ಮಾತ್ರ ಇಲ್ಲ. ನಾನು ಇಲ್ಲೇ ಬೆಳಗಾವಿ ಕ್ಯಾಂಪಿನಲ್ಲಿ ಹವಾಲ್ದಾರ್ ಕ್ಲರ್ಕ್ ಆಗಿ ನಿವೃತ್ತನಾದವನು. ರೇಶನ್ ರಿಜಿಸ್ಟರ್, ರಜೆ ಪಟ್ಟಿ, ಪಿಂಚಣಿ ಕಾಗದ ಇವೇ ನನ್ನ ನೌಕರಿ. ಅದಕ್ಕೇ ಈ ಮನುಷ್ಯನ ಬಗ್ಗೆ ಬರೆಯದೆ ಇರಲಾಗಲಿಲ್ಲ.

ಹಿಚ್‌ಕಾಕ್ ಹುಟ್ಟಿದ್ದು 1798ರಲ್ಲಿ, ವರ್ಮಾಂಟ್‌ನಲ್ಲಿ. ಅಮೆರಿಕದ ಸೇನಾ ಅಕಾಡೆಮಿ ವೆಸ್ಟ್ ಪಾಯಿಂಟ್‌ನಲ್ಲಿ ಕಲಿತು, ಮುಂದೆ ಅಲ್ಲೇ ಕೆಡೆಟ್‌ಗಳ ಕಮಾಂಡೆಂಟ್ ಆದರು. ಕೊಳಲು ನುಡಿಸುತ್ತಿದ್ದರು, ಹೋದಲ್ಲೆಲ್ಲ ಓದುತ್ತಿದ್ದರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು 1841ರ ಒಂದು ಕೆಲಸದಿಂದ. ನೆಲ ಕಳೆದುಕೊಂಡು ಪಶ್ಚಿಮಕ್ಕೆ ದಬ್ಬಿಸಿಕೊಂಡ ಚೆರೊಕೀ ಎಂಬ ಮೂಲನಿವಾಸಿ ಜನರಿಗೆ ಸರ್ಕಾರ ಕೊಡಬೇಕಿದ್ದ ರೇಶನ್‌ನಲ್ಲಿ ಗುತ್ತಿಗೆದಾರರು ಮೋಸ ಮಾಡುತ್ತಿದ್ದರು. ಹಿಚ್‌ಕಾಕ್ ಅಲ್ಲಿಗೇ ಹೋಗಿ ತನಿಖೆ ಮಾಡಿದರು. ತೂಕದಲ್ಲಿ ಮೋಸ, ಕೆಟ್ಟ ಮಾಂಸ, ಲಂಚ, ಸುಳ್ಳು ಸಹಿ, ಎಲ್ಲವನ್ನೂ ವರದಿಯಲ್ಲಿ ಬರೆದರು. ಅಧ್ಯಕ್ಷ ಟೈಲರ್ ಸರ್ಕಾರ ಅದನ್ನು ಸಂಸತ್ತಿಗೆ ಕೊಡಲು ಮೊದಲು ಒಪ್ಪಲೇ ಇಲ್ಲ. ರೇಶನ್ ತಕ್ಕಡಿಯ ಮುಂದೆ ನಿಂತವರಿಗೆ ಗೊತ್ತು, ಕಾಳು ಕಡಿಮೆ ಬಂತು ಅಂತ ಕಾಗದದ ಮೇಲೆ ಬರೆಯೋದಕ್ಕೆ ಎಷ್ಟು ಧೈರ್ಯ ಬೇಕು ಅಂತ.

1855ರಲ್ಲಿ, ಯುದ್ಧ ಖಾತೆ ನೋಡುತ್ತಿದ್ದ ಜೆಫರ್ಸನ್ ಡೇವಿಸ್ ಜೊತೆ ರಜೆ ವಿಷಯಕ್ಕೆ ಜಗಳವಾಗಿ ರಾಜೀನಾಮೆ ಕೊಟ್ಟರು. ಸೇಂಟ್ ಲೂಯಿಸ್‌ನಲ್ಲಿ ಕೂತು ರಸವಾದದ, ಅಂದರೆ ಕೀಳು ಲೋಹವನ್ನು ಬಂಗಾರ ಮಾಡುವ ಹಳೆಯ ವಿದ್ಯೆಯ, ಬಗ್ಗೆ ಪುಸ್ತಕ ಬರೆದರು. ಹಳೆಯ ರಸವಾದಿಗಳ ಗುರಿ ಬಂಗಾರವಲ್ಲ, ಮನುಷ್ಯನೇ ಬದಲಾಗುವುದು ಅಂತ ಅವರ ವಾದ. ವಚನ ಕೇಳಿ ಬೆಳೆದ ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ.

ಗುಲಾಮಗಿರಿ ಉಳಿಸಿಕೊಳ್ಳಲು ದಕ್ಷಿಣದ ರಾಜ್ಯಗಳು ದೇಶದಿಂದ ಬೇರೆಯಾಗಿ ಅಂತರ್ಯುದ್ಧ ಶುರುವಾಯಿತು. ಅದೇ ಡೇವಿಸ್ ದಕ್ಷಿಣದವರ ಅಧ್ಯಕ್ಷ. 1862ರಲ್ಲಿ ಹಿಚ್‌ಕಾಕ್ ಉತ್ತರದ ಪರವಾಗಿ ಮೇಜರ್ ಜನರಲ್ ಆಗಿ ಮರಳಿದರು. ವಯಸ್ಸು 60 ದಾಟಿತ್ತು, ಆರೋಗ್ಯ ಸರಿ ಇರಲಿಲ್ಲ. ವಾಷಿಂಗ್ಟನ್ನಿನ ಮೇಜಿನ ಮುಂದೆ ಕೂತು ಯುದ್ಧ ಮಂತ್ರಿ ಸ್ಟಾಂಟನ್‌ಗೆ ಸಲಹೆ ಕೊಡುವ ಕೆಲಸ ಹಿಡಿದರು. ಆ ವರ್ಷದ ನವೆಂಬರ್‌ನಲ್ಲಿ ಕೈದಿಗಳ ವಿನಿಮಯದ ಹೊಣೆ ಬಂತು. ಎರಡೂ ಕಡೆಯವರು ಒಪ್ಪಿದ ದರಪಟ್ಟಿಯೇ ಇತ್ತು. ಕರ್ನಲ್ ಒಬ್ಬನನ್ನು ಬಿಟ್ಟರೆ ಬದಲಿಗೆ 15 ಸಿಪಾಯಿ, ಕ್ಯಾಪ್ಟನ್‌ಗೆ 6, ನನ್ನಂಥ ಹವಾಲ್ದಾರ್ ದರ್ಜೆಯವನಿಗೆ 2. ಪಟ್ಟಿಯಲ್ಲಿ ಒಂದು ಹೆಸರು ತಪ್ಪಿದರೆ ಒಬ್ಬ ತಾಯಿಯ ಮಗ ಮನೆಗೆ ಬರೋದಿಲ್ಲ, ಅಲ್ವಾ?

ಉತ್ತರದ ಸೇನೆಯಲ್ಲಿದ್ದ ಕಪ್ಪು ಸೈನಿಕರು ಸಿಕ್ಕರೆ ಅವರನ್ನು ಯುದ್ಧಕೈದಿ ಅಂತ ಒಪ್ಪೋದಿಲ್ಲ ಎಂದರು ದಕ್ಷಿಣದವರು. ಸಮವಸ್ತ್ರ ತೊಟ್ಟವರೆಲ್ಲ ಒಂದೇ ಅಂತ ಹಿಚ್‌ಕಾಕ್ ಪಟ್ಟು ಹಿಡಿದರು. 1863ರಲ್ಲಿ ವಿನಿಮಯ ನಿಂತಿತು. ಮರುವರ್ಷ ಜಾರ್ಜಿಯಾದ ಆಂಡರ್ಸನ್‌ವಿಲ್‌ನಲ್ಲಿ ತೆರೆದ ಸೆರೆಯಲ್ಲಿ ಸುಮಾರು 13,000 ಉತ್ತರದ ಕೈದಿಗಳು ಸತ್ತರು. ದಕ್ಷಿಣದ ಸೇನೆಗೆ ಮತ್ತೆ ಜನ ಸಿಗಬಾರದು ಎಂಬ ಉತ್ತರದ ಸೇನಾಪತಿ ಗ್ರಾಂಟ್ ಲೆಕ್ಕಾಚಾರವೂ ಆಗ ಇದರ ಜೊತೆ ಸೇರಿತ್ತು. ಹಿಚ್‌ಕಾಕ್ ಹಿಡಿದ ಪಟ್ಟು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ನನ್ನ ಮಗ ಆ ಸೆರೆಯಲ್ಲಿದ್ದಿದ್ದರೆ ಹೀಗೆ ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ.

ಯುದ್ಧದಲ್ಲಿ ಉತ್ತರದ ಸೇನೆ ಹೇಗೆ ನಡೆದುಕೊಳ್ಳಬೇಕು ಎಂದು ಹೇಳುವ, 1863ರ ಏಪ್ರಿಲ್ 24ರಂದು ಹೊರಟ ಲೀಬರ್ ಸಂಹಿತೆಯನ್ನು ಪರಿಶೀಲಿಸಿದ ಮಂಡಳಿಗೂ ಇವರೇ ಮುಖ್ಯಸ್ಥರು. ಅದರಲ್ಲಿ 157 ಕಲಮುಗಳು. ಬಾಯಿ ಬಿಡಿಸಲು ಹಿಂಸೆ ಕೊಡಬಾರದು, ಕೈದಿಗೆ ಸಾದಾ ಆದರೂ ಒಳ್ಳೆಯ ಊಟ ಹಾಕಬೇಕು, ಬಣ್ಣ ನೋಡಿ ಭೇದ ಮಾಡಬಾರದು. ಮುಂದೆ ಯುದ್ಧದ ನಿಯಮಗಳ ಬಗ್ಗೆ ದೇಶದೇಶಗಳು ಮಾಡಿಕೊಂಡ ಹೇಗ್ ಒಪ್ಪಂದಗಳಿಗೆ ಇದೇ ದಾರಿಯಾಯಿತು.

ನಮ್ಮ ಮರಾಠಾ ರೆಜಿಮೆಂಟಿನ ಹಿಂದಿನ ಪಲ್ಟನ್‌ಗಳ ಜವಾನರೂ 1916ರಲ್ಲಿ ಇರಾಕಿನ ಕೂತ್‌ನಲ್ಲಿ ತುರ್ಕಿಯರ ಕೈದಿಗಳಾಗಿದ್ದರು. 1971ರ ಯುದ್ಧದ ನಂತರ ನಮ್ಮ ಸೇನೆ ಸುಮಾರು 93,000 ಪಾಕಿಸ್ತಾನಿ ಕೈದಿಗಳನ್ನು ಇಟ್ಟುಕೊಂಡು, ಊಟ ಹಾಕಿ, ಹೆಸರು ಬರೆದು, ವಾಪಸ್ ಕಳಿಸಿತು. ಆ ಪಟ್ಟಿ ಬರೆದ ಕೈಗಳ ಬಗ್ಗೆ ಎಲ್ಲೂ ಓದಿಲ್ಲ. ಡಿಸೆಂಬರ್ 7ರ ಧ್ವಜ ದಿನಕ್ಕೆ ನೀವು ವಿಶೇಷ ಪುಟ ತರುತ್ತೀರಿ. ಈ ಸಲ ಅದರಲ್ಲಿ ಅರ್ಧ ಪುಟ ಕ್ಲರ್ಕ್, ಸ್ಟೋರ್‌ಕೀಪರ್, ಅಡುಗೆಯವರಿಗೆ ಕೊಡಿ. ಜಿಲ್ಲೆಯ ಹಳ್ಳಿಹಳ್ಳಿಗಳಲ್ಲಿ ಅಂಥ ನಿವೃತ್ತರು ಇದ್ದಾರೆ, ಕೇಳಿದರೆ ಹೇಳುತ್ತಾರೆ.

– ನಿವೃತ್ತ ಹವಾಲ್ದಾರ್, ಹಿಂಡಲಗಾ, ಬೆಳಗಾವಿ