ವಕೀಲ ಗೆಳೆಯನಿಗೆ, ಥ್ಯಾಡಿಯಸ್ ಸ್ಟೀವನ್ಸ್ ಬಗ್ಗೆ

ಪ್ರೀತಿಯ ಗೆಳೆಯ,

ಅಮೆರಿಕದ ಗುಲಾಮಗಿರಿ ಎಂದರೆ ಲಿಂಕನ್ ಒಬ್ಬನೇ ನೆನಪಾಗುತ್ತಾನೆ ಎಂದು ನೀನು ಹಿಂದಿನ ಪತ್ರದಲ್ಲಿ ಬರೆದಿದ್ದೆ. ಹಾಗಾದರೆ ಥ್ಯಾಡಿಯಸ್ ಸ್ಟೀವನ್ಸ್ ಕಥೆಯನ್ನು ನೀನು ಕೇಳಲೇಬೇಕು. ಅವನೂ ನಿನ್ನಂತೆ ವಕೀಲ.

ಹುಟ್ಟಿದ್ದು 1792ರಲ್ಲಿ, ವರ್ಮಾಂಟ್‌ನ ಬಡ ಮನೆಯಲ್ಲಿ. ಹುಟ್ಟಿನಿಂದಲೇ ಒಂದು ಪಾದ ಸೊಟ್ಟ. ತಂದೆ ಮನೆ ಬಿಟ್ಟು ಹೋದ, ತಾಯಿ ದುಡಿದು ಓದಿಸಿದಳು. ಪೆನ್ಸಿಲ್ವೇನಿಯಾದ ಗೆಟಿಸ್‌ಬರ್ಗ್‌ನಲ್ಲಿ ವಕೀಲಿ ಹಿಡಿದ.

1821ರ ಒಂದು ಮೊಕದ್ದಮೆಯನ್ನು ನಿನಗೆ ಬಿಡಿಸಿ ಹೇಳಬೇಕು. ಹೊರಗಿನಿಂದ ಕರೆತಂದ ಗುಲಾಮರನ್ನು ಪೆನ್ಸಿಲ್ವೇನಿಯಾದಲ್ಲಿ ಆರು ತಿಂಗಳು ಇರಿಸಿಕೊಂಡರೆ ಅವರು ಸ್ವತಂತ್ರರು ಎಂಬ ಕಾನೂನಿತ್ತು. ಮೇರಿಲ್ಯಾಂಡ್‌ನ ಮಾಲೀಕನ ಕೈಯಲ್ಲಿದ್ದ ಚಾರಿಟಿ ಬಟ್ಲರ್ ಎಂಬ ಕಪ್ಪು ಹೆಣ್ಣುಮಗಳು ಅದನ್ನೇ ನಂಬಿ ತನಗೂ ಮಕ್ಕಳಿಗೂ ಬಿಡುಗಡೆ ಕೇಳಿದಳು. ಅವಳು ಪೆನ್ಸಿಲ್ವೇನಿಯಾದಲ್ಲಿ ಇದ್ದದ್ದು ಬಿಡಿಬಿಡಿಯಾಗಿ. ಕಾನೂನು ಕೇಳುವುದು ಸತತ ಆರು ತಿಂಗಳು, ಬಿಡಿ ದಿನಗಳನ್ನು ಕೂಡಿಸುವಂತಿಲ್ಲ ಎಂದು ವಾದಿಸಿ ಗೆದ್ದವನು ಮಾಲೀಕನ ವಕೀಲ ಸ್ಟೀವನ್ಸ್! ಚಾರಿಟಿ ಗುಲಾಮಳಾಗಿಯೇ ಉಳಿದಳು. ಅವನನ್ನು ಮೆಚ್ಚುವವರು ಇದನ್ನು ಮುಚ್ಚಿಡುವುದು ನನಗೆ ಸರಿಕಾಣುವುದಿಲ್ಲ. ಅವಳು ತೆತ್ತ ಬೆಲೆಯನ್ನು ಅವನ ಮುಂದಿನ ಯಾವ ಸಾಧನೆಯೂ ತೀರಿಸಲಾರದು.

ಆದರೂ ಆ ಮನುಷ್ಯ ಅಲ್ಲಿಗೇ ನಿಲ್ಲಲಿಲ್ಲ. ಓಡಿಬಂದ ಗುಲಾಮರ ಪರವಾಗಿ ವಾದಿಸಿದ. ಕಪ್ಪು ಜನರ ಮತದ ಹಕ್ಕು ಕಿತ್ತುಕೊಂಡಿತೆಂದು 1838ರ ಪೆನ್ಸಿಲ್ವೇನಿಯಾ ಸಂವಿಧಾನಕ್ಕೆ ಸಹಿ ಹಾಕಲು ಒಪ್ಪಲಿಲ್ಲ. ಅಂತರ್ಯುದ್ಧದಲ್ಲಿ, ಗುಲಾಮಗಿರಿ ಉಳಿಸಲು ಹೋರಾಡಿದ ದಕ್ಷಿಣದ ರಾಜ್ಯಗಳ ಸೇನೆ ಅವನ ಕಬ್ಬಿಣದ ಕಾರ್ಖಾನೆಯನ್ನು ಸುಟ್ಟುಹಾಕಿತು. ಆದರೂ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ ಸದಸ್ಯನಾಗಿದ್ದ ಅವನ ದನಿ ತಗ್ಗಲಿಲ್ಲ.

1868ರಲ್ಲಿ ತೀರಿಕೊಂಡಾಗ ಲ್ಯಾಂಕಾಸ್ಟರ್‌ನ ಒಂದು ಸಣ್ಣ ಸ್ಮಶಾನದಲ್ಲಿ ಹೂಳಿದರು. ಏಕಾಂತದ ಆಸೆಯಿಂದಲ್ಲ, ಉಳಿದ ಸ್ಮಶಾನಗಳು ಜನಾಂಗ ನೋಡಿ ಜಾಗ ಕೊಡುತ್ತಿದ್ದುದರಿಂದ ಇದನ್ನು ಆರಿಸಿಕೊಂಡೆ ಎಂಬ ಅವನದೇ ಮಾತು ಗೋರಿಯ ಮೇಲಿದೆ. ಅದನ್ನು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ನಿನಗೆ ಹತ್ತಿರದ ಇನ್ನೊಂದು ವಿಷಯವಿದೆ. 1866ರಲ್ಲಿ ಕಾಂಗ್ರೆಸ್ ಅಂಗೀಕರಿಸಿದ, ಅಮೆರಿಕ ಸಂವಿಧಾನದ 14ನೇ ತಿದ್ದುಪಡಿಯ ಕರಡು ಸಿದ್ಧಪಡಿಸಿದ ಸಮಿತಿಯಲ್ಲಿ ಅವನಿದ್ದ. ಅದು ಅವನು ಬಯಸಿದಷ್ಟು ಗಟ್ಟಿಯಾಗಿರಲಿಲ್ಲ. ಇಂಥ ಅರೆಕೊರೆಯನ್ನು ಏಕೆ ಒಪ್ಪುತ್ತೇನೆಂದರೆ ನಾನು ಬದುಕುತ್ತಿರುವುದು ಮನುಷ್ಯರ ನಡುವೆ, ದೇವತೆಗಳ ನಡುವೆ ಅಲ್ಲ ಎಂದು ಸದನದಲ್ಲೇ ಹೇಳಿದ. ನಮ್ಮ ಸಂವಿಧಾನದ 14ನೇ ವಿಧಿಯಲ್ಲಿರುವ ‘ಕಾನೂನುಗಳ ಸಮಾನ ರಕ್ಷಣೆ’ಯ ಮೂಲ ಆ ತಿದ್ದುಪಡಿಯೇ.

ಚಾರಿಟಿ ಬಟ್ಲರ್‌ಳ ವಕಾಲತ್ತು ನಿನ್ನ ಕೈಗೆ ಬಂದಿದ್ದರೆ ಆ ‘ಆರು ತಿಂಗಳ’ ವಾದಕ್ಕೆ ಏನು ಉತ್ತರ ಕೊಡುತ್ತಿದ್ದೆ? ಮುಂದಿನ ಪತ್ರದಲ್ಲಿ ವಿವರವಾಗಿ ಬರೆ.

ನಿನ್ನ ಗೆಳೆಯ