ಕೋಟಿನ ಗುಂಡಿಯ ಗಾಲಿ

ಪ್ರಿಯ ಓದುಗರೇ,

ಈ ಸಲ ರಜೆಗೆ ದಾವಣಗೆರೆಗೆ ಹೋಗಿದ್ದೆ. ಬೆಣ್ಣೆ ದೋಸೆ ತಿಂದೆ, ಎರಡು ಮದುವೆ ಊಟ ಉಂಡೆ, ನೆಂಟರ ಮನೆಗಳನ್ನೆಲ್ಲ ಸುತ್ತಿದೆ. ಅಮೆರಿಕದ ಮಿಲ್ವಾಕಿಗೆ ವಾಪಸ್ ಬಂದು ಎರಡು ತಿಂಗಳಾಯಿತು. ತಲೆಯಲ್ಲಿ ಈಗಲೂ ಓಡುತ್ತಿರುವುದು ಸೋದರಮಾವನ ಮನೆಯ ಪಡಸಾಲೆಯಲ್ಲಿ ಕಳೆದ ನಾಲ್ಕು ಸಂಜೆಗಳು.

ಮಾವ ಸ್ಟೇಷನ್ ಮಾಸ್ತರ್ ಆಗಿದ್ದವರು. ಚಿಕ್ಕಜಾಜೂರು ಜಂಕ್ಷನ್ನಿನಲ್ಲೇ ಬಹಳ ವರ್ಷ ಇದ್ದರು. ಅವರು ಮನೆಯಲ್ಲೂ ಒಂದು ರೈಲು ಇಟ್ಟುಕೊಂಡಿದ್ದರು ಅಂತ ಅಮ್ಮ ಹೇಳಿದ್ದು ನೆನಪಿತ್ತು. ಮಕ್ಕಳಿಗೆ ತಂದ ಆಟಿಕೆ ಇರಬೇಕು ಅಂದುಕೊಂಡಿದ್ದೆ. ಇಲ್ಲಿ ಮಿಲ್ವಾಕಿಯ ಮಾಡೆಲ್ ರೈಲು ಕ್ಲಬ್ಬಿಗೆ ಮೂರು ವರ್ಷದಿಂದ ಹೋಗುತ್ತಿದ್ದೇನೆ ಎಂದು ಮಾತಿಗೆ ಹೇಳಿದೆ ನೋಡಿ, ಮಾವ ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಆಮೇಲೆ ಇಬ್ಬರಿಗೆ ಫೋನು ಹೋಯಿತು. ಅರ್ಧ ಗಂಟೆಯಲ್ಲಿ ಗಿರಣಿಯ ನಿವೃತ್ತ ಎಲೆಕ್ಟ್ರಿಷಿಯನ್ ಒಬ್ಬರು, ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಒಬ್ಬರು ಬಂದು ಕೂತರು. ಅತ್ತೆ ಮಂಡಕ್ಕಿ, ಮಿರ್ಚಿ ತಂದಿಟ್ಟರು. ಇನ್ನು ಇವರು ಊಟಕ್ಕೆ ಏಳುವುದಿಲ್ಲ ಅಂತ ಅವರಿಗೆ ಗೊತ್ತಿತ್ತು.

1970ರ ದಶಕದ ಮಾತು. ಗಿರಣಿಯ ಇಂಜಿನಿಯರ್ ಒಬ್ಬರು ಊರು ಬಿಡುವಾಗ ಒಂದು ಇಂಗ್ಲಿಷ್ ರೈಲು ಸೆಟ್ಟನ್ನು ಎಲೆಕ್ಟ್ರಿಷಿಯನ್ ಕೈಗೆ ಕೊಟ್ಟು ಹೋದರಂತೆ. ಒಂದು ಸುತ್ತು ಹಳಿ, ಒಂದು ಎಂಜಿನ್, ಎರಡು ಡಬ್ಬಿ. ಅವರು ಅದನ್ನು ಮಾವನಿಗೆ ತೋರಿಸಿದರು. ಮಾವ ಮೊದಲು ಮಾಡಿದ ಕೆಲಸ ಸ್ಕೇಲ್ ಇಟ್ಟು ಹಳಿಗಳ ನಡುವಿನ ಅಂತರ ಅಳೆದದ್ದು. ಹದಿನಾರೂವರೆ ಮಿಲಿಮೀಟರ್.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ಬೇಸರ ಮಾಡಿಕೊಳ್ಳಬೇಡಿ, ಈ ಕಥೆಯ ಜೀವವೇ ಅದರಲ್ಲಿದೆ. ಅಮೆರಿಕದಲ್ಲಿ ಜಾಸ್ತಿ ಜನ ಇಟ್ಟುಕೊಳ್ಳುವ ಎಚ್‌ಓ ಮಾಡೆಲ್ ನಿಜದ ರೈಲಿನ 87ರಲ್ಲಿ ಒಂದು ಭಾಗ. ಇಂಗ್ಲೆಂಡಿನ ಡಬಲ್ ಓ 76ರಲ್ಲಿ ಒಂದು ಭಾಗ. ಎರಡೂ ಓಡುವುದು 16.5 ಮಿಲಿಮೀಟರ್ ಹಳಿಯ ಮೇಲೆಯೇ. ಆದರೆ ಆಗ ದಾವಣಗೆರೆಯಲ್ಲಿ ಓಡುತ್ತಿದ್ದದ್ದು ಮೀಟರ್ ಗೇಜ್ ರೈಲು. ಹಳಿಗಳ ನಡುವೆ ಬರೀ ಒಂದು ಮೀಟರ್. ಈಗಿನ ಬ್ರಾಡ್ ಗೇಜ್ 1,676 ಮಿಲಿಮೀಟರ್. "ಇಂಗ್ಲೆಂಡಿನ ಅಳತೆಗೆ ನಮ್ಮ ಡಬ್ಬಿ ಮಾಡಿದ್ರೆ ಹಳಿ ಅಗಲ ಆಗ್ತದಪ್ಪಾ. ನೋಡಿದವರಿಗೆ ಗೊತ್ತಾಗದಿದ್ರೂ ನನಗೆ ಗೊತ್ತಾಗ್ತದಲ್ಲ" ಅಂದರು ಮಾವ. ಮೂರು ರಾತ್ರಿ ಕೂತು ಅವರು ಕಂಡುಕೊಂಡದ್ದು ಇಷ್ಟು: ಒಂದು ಅಡಿಗೆ ಐದು ಮಿಲಿಮೀಟರ್ ಹಿಡಿದರೆ 16.5 ಮಿಲಿಮೀಟರ್ ಹಳಿ ಮೂರು ಅಡಿ ಮೂರೂವರೆ ಇಂಚಿನಷ್ಟಾಗುತ್ತದೆ. ಹೆಚ್ಚು ಕಡಿಮೆ ಒಂದು ಮೀಟರ್! ಹಳಿ ಇಂಗ್ಲೆಂಡಿನದೇ ಇರಲಿ, ಅದರ ಮೇಲಿನದ್ದೆಲ್ಲ ನಮ್ಮದು. ಐವತ್ತು ವರ್ಷ ಆದ ಮೇಲೂ ಆ ಲೆಕ್ಕ ಹೇಳುವಾಗ ಅವರು ಬೆರಳಿನಿಂದ ಟೀಪಾಯಿ ಮೇಲೆ ಬರೆದು ತೋರಿಸಿದರು.

ಎಂಜಿನ್ನಿಗೆ ಮಾವ ಆರಿಸಿಕೊಂಡದ್ದು ವೈಪಿ. ಮೀಟರ್ ಗೇಜಿನಲ್ಲಿ ಪ್ಯಾಸೆಂಜರ್ ಗಾಡಿ ಎಳೆಯುತ್ತಿದ್ದ ಉಗಿ ಎಂಜಿನ್ ಅದು. ಮುಂದೆ ನಾಲ್ಕು ಸಣ್ಣ ಗಾಲಿ, ನಡುವೆ ಆರು ದೊಡ್ಡವು, ಹಿಂದೆ ಎರಡು. ದೊಡ್ಡ ಗಾಲಿಯ ಅಡ್ಡಳತೆ ನಾಲ್ಕೂವರೆ ಅಡಿ. ಮಾವನ ಅಳತೆಯಲ್ಲಿ 22.5 ಮಿಲಿಮೀಟರ್. ಅಷ್ಟು ಗಾತ್ರದ ಗಾಲಿ ದಾವಣಗೆರೆಯ ಯಾವ ಅಂಗಡಿಯಲ್ಲಿ ಸಿಗಬೇಕು? ಕೊನೆಗೆ ಸಿಕ್ಕಿದ್ದು ದರ್ಜಿಯ ಹತ್ತಿರ. ಕೋಟಿನ ದೊಡ್ಡ ಗುಂಡಿಗಳು. ಹಿಂಬದಿಗೆ ತಗಡಿನ ಬಿಲ್ಲೆ ಅಂಟಿಸಿ ಅಂಚು ಮಾಡಿದರು. ಈ ಗುಂಡಿಗಾಲಿಯ ಎಂಜಿನ್ ತಾನಾಗಿ ಓಡುವುದಿಲ್ಲ. ಇಂಗ್ಲಿಷ್ ಎಂಜಿನ್ನಿನ ಮೋಟಾರು, ಗಾಲಿ ಬಿಚ್ಚಿ ಹಿಂದಿನ ಲಗೇಜ್ ಡಬ್ಬಿಯಲ್ಲಿ ಕೂರಿಸಿದರು. ಡಬ್ಬಿ ದೂಡುತ್ತದೆ, ಎಂಜಿನ್ ಎಳೆದಂತೆ ಕಾಣುತ್ತದೆ.

"ಲಾರಿ ಬ್ಯಾಟರಿ ತಂದವನು ನಾನು" ಅಂದರು ಎಲೆಕ್ಟ್ರಿಷಿಯನ್. ಪಿ.ಬಿ. ರೋಡಿನ ಗ್ಯಾರೇಜಿನಿಂದ ಸೈಕಲ್ ಕ್ಯಾರಿಯರ್ ಮೇಲೆ ಕಟ್ಟಿಕೊಂಡು ಬಂದಿದ್ದರಂತೆ. "ಸೈಕಲ್ ನಂದು" ಅಂತ ಮೇಷ್ಟ್ರು ತಿದ್ದಿದರು. ಇವರ ಕಥೆ ಕೇಳುವ ಸುಖವೇ ಇದು. ಒಬ್ಬರು ಹೇಳುತ್ತಾರೆ, ಇನ್ನೊಬ್ಬರು ತಿದ್ದುತ್ತಾರೆ, ಮೂರನೆಯವರು ಅದಕ್ಕೂ ಹಿಂದಿನ ಸಂಗತಿ ತೆಗೆಯುತ್ತಾರೆ. ಡಬ್ಬಿಯ ಕೆಂಪು ಇಟ್ಟಿಗೆ ಬಣ್ಣವೋ ಕುಂಕುಮದ ಬಣ್ಣವೋ ಅನ್ನುವುದು ನಾಲ್ಕು ಸಂಜೆ ಕಳೆದರೂ ತೀರ್ಮಾನವಾಗಲಿಲ್ಲ.

ನನಗೆ ಆಶ್ಚರ್ಯವಾದದ್ದು ಬೇರೆ. ಈ ಕಥೆಗಳನ್ನು ನಾನು ಮಿಲ್ವಾಕಿಯಲ್ಲಿ ಆಗಲೇ ಕೇಳಿದ್ದೆ! ನಮ್ಮ ಕ್ಲಬ್ಬಿನ ಹಿರಿಯರೂ ಹುಲ್ಲಿಗೆ ಗರಗಸದ ಹೊಟ್ಟಿಗೆ ಹಸಿರು ಬಣ್ಣ ಹಾಕಿದವರೇ. ಮೇಷ್ಟ್ರೂ ಅದನ್ನೇ ಮಾಡಿದ್ದರು. ಈಗ ಬಹಳಷ್ಟು ಎಂಜಿನ್ನುಗಳೊಳಗೆ ಚಿಪ್ ಇರುತ್ತದೆ, ಒಂದೇ ಹಳಿಯ ಮೇಲೆ ನಾಲ್ಕು ಗಾಡಿ ಬೇರೆ ಬೇರೆ ವೇಗದಲ್ಲಿ ಓಡಿಸಬಹುದು. ಆಗ ಕರೆಂಟು ಕೊಟ್ಟರೆ ಹಳಿಯ ಮೇಲಿದ್ದ ಗಾಡಿಗಳೆಲ್ಲ ಒಟ್ಟಿಗೇ ಹೊರಡುತ್ತಿದ್ದವು. ಹಾಗಾಗಿ ಹಳಿಯನ್ನು ತುಂಡು ತುಂಡು ಮಾಡಿ, ಒಂದೊಂದಕ್ಕೆ ಒಂದೊಂದು ಸ್ವಿಚ್ಚು. ಇಲ್ಲಿನವರು ಹಾಗೆ ಮಾಡಿದ್ದರು. ಅಲ್ಲಿ ಎಲೆಕ್ಟ್ರಿಷಿಯನ್ ಮನೆಯ ಲೈಟಿನ ಸ್ವಿಚ್ಚುಗಳನ್ನೇ ಸಾಲಾಗಿ ಹಾಕಿದ್ದರು.

ಇನ್ನು ಹಿತ್ತಾಳೆ ಹಳಿಯ ಗೋಳು. ಹಿತ್ತಾಳೆಗೆ ಕಿಲುಬು ಹಿಡಿದರೆ ಕರೆಂಟು ಹಾಯುವುದಿಲ್ಲ. ಇಲ್ಲಿನ ಹಿರಿಯರು ಗಂಟೆಗಟ್ಟಲೆ ರಬ್ಬರಿನಿಂದ ಉಜ್ಜುತ್ತಿದ್ದರಂತೆ. ಆಮೇಲೆ ನಿಕ್ಕಲ್ ಸಿಲ್ವರ್ ಅನ್ನುವ ಮಿಶ್ರಲೋಹದ ಹಳಿ ಬಂದು ಬದುಕಿಕೊಂಡರು. ಮಾವ ಹಳಿ ಉದ್ದ ಮಾಡಲು ಪಾತ್ರೆ ಅಂಗಡಿಯವರಿಂದ ಹಿತ್ತಾಳೆ ಪಟ್ಟಿ ತಂದಿದ್ದರು. ಕಿಲುಬು ಬಂತು. ಚೊಂಬು ಬೆಳಗುವ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಿದರು. ಚಿನ್ನದಂತೆ ಹೊಳೆಯಿತು, ಮಾರನೇ ದಿನಕ್ಕೆ ಮೊದಲಿಗಿಂತ ಜಾಸ್ತಿ ಹಸಿರಾಯಿತು. "ತೊಳೆದು ಒರೆಸಿದ್ರೆ ತಾನೇ?" ಅಂತ ಅತ್ತೆ ಅಡುಗೆಮನೆಯಿಂದಲೇ ಹೇಳಿದರು.

ನಾನೂ ಅವರಿಗೆ ಒಂದು ಕಥೆ ಹೇಳಿದೆ. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಜಾನ್ ಅಲೆನ್ ಅಂತ ಇದ್ದರು. ಅವರು ಕಟ್ಟಿದ ರೈಲು ಲೋಕದ ಫೋಟೋ ನೋಡಿಯೇ ನಮ್ಮ ಕ್ಲಬ್ಬಿನ ಅರ್ಧ ಜನ ಈ ಹವ್ಯಾಸಕ್ಕೆ ಬಂದವರು. ಯಾರ್ಡಿನಲ್ಲಿ ಡಬ್ಬಿ ಎಳೆಯಲು ಒಂದು ಡೈನೋಸಾರ್ ಕೂಡ ಇಟ್ಟಿದ್ದರು! ಮೂವರೂ ನಕ್ಕರು. 1973ರ ಜನವರಿಯಲ್ಲಿ ಅವರು ತೀರಿಕೊಂಡರು. ಹತ್ತೇ ದಿನಕ್ಕೆ ಬೆಂಕಿ ಬಿದ್ದು ಅವರು ಕಟ್ಟಿದ್ದು ಬಹುಪಾಲು ಸುಟ್ಟುಹೋಯಿತು. ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೇಷ್ಟ್ರು "ಅವರಿಗೆ ಬೆಂಕಿ, ನಮಗೆ ಗೆದ್ದಲು" ಅಂದರು. ಅಟ್ಟದ ಮೇಲೆ ಹತ್ತು ಅಡಿ ಹಲಗೆಯಲ್ಲಿ ಕಟ್ಟಿದ್ದ ಇವರ ದಾವಣಗೆರೆ ಸ್ಟೇಷನ್ನನ್ನು ಒಂದು ಮಳೆಗಾಲದಲ್ಲಿ ಗೆದ್ದಲು ತಿಂದಿತ್ತು. 1990ರ ದಶಕದಲ್ಲಿ ನಿಜದ ಮೀಟರ್ ಗೇಜ್ ಹಳಿಯನ್ನೂ ಕಿತ್ತು ಬ್ರಾಡ್ ಗೇಜ್ ಹಾಕಿದರು. ಆ ಗಾಡಿ ಹೇಗಿತ್ತು ಅನ್ನುವುದು ಈಗ ಇಂಥವರ ಬಾಯಲ್ಲೇ ಉಳಿದಿದೆ. ನಾನು ಎಲ್ಲವನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ನಮ್ಮ ರಾಜ್ಯೋತ್ಸವ ಸಂಚಿಕೆಗೆ ನಿಮ್ಮ ಮನೆಯ ಹಿರಿಯರ ಹವ್ಯಾಸದ ಕಥೆಗಳನ್ನೂ ಕಳಿಸಿ. ರೈಲೇ ಆಗಬೇಕಿಲ್ಲ. ರೇಡಿಯೋ, ಅಂಚೆಚೀಟಿ, ಏನಾದರೂ ಸರಿ. ತಪ್ಪಿಲ್ಲದ ಹಾಗೆ ತಿದ್ದಿ ಕಳಿಸಬೇಡಿ, ಅವರು ಹೇಳಿದ ಹಾಗೇ ಬರೆಯಿರಿ.

ಹೊರಡುವ ದಿನ ಮಾವ ಒಂದು ಬಿಸ್ಕತ್ತಿನ ಡಬ್ಬ ಕೈಗಿಟ್ಟರು. ಹತ್ತಿಯಲ್ಲಿ ಸುತ್ತಿದ ವೈಪಿ ಎಂಜಿನ್, ಲಗೇಜ್ ಡಬ್ಬಿ. ಗೆದ್ದಲಿಗೆ ಸಿಗದೆ ಉಳಿದದ್ದು ಇವೆರಡೇ.

ಬೇರೆ ಬೇರೆಯವರು ಮಾಡಿದ ಗಾಲಿ, ಹಳಿ ಒಂದಕ್ಕೊಂದು ಹೊಂದಬೇಕು ಅಂತ ಅಳತೆಗಳನ್ನು ಗೊತ್ತುಮಾಡಿದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ 1935ರಲ್ಲಿ ಹುಟ್ಟಿದ್ದು ಇದೇ ಮಿಲ್ವಾಕಿಯಲ್ಲಿ. ಹೋದ ಶನಿವಾರ ಕ್ಲಬ್ಬಿನಲ್ಲಿ ನಾನು ಉಸಿರು ಬಿಗಿಹಿಡಿದು ಕೋಟಿನ ಗುಂಡಿಗಳನ್ನು ಎಚ್‌ಓ ಹಳಿಯ ಮೇಲೆ ಇಟ್ಟೆ. ಕೂತವು. ಮೋಟಾರಿಗೆ ಹೊಸ ವೈರು ಹಾಕಿಕೊಟ್ಟದ್ದು ಎಂಬತ್ತು ದಾಟಿದ ಒಬ್ಬ ಹಿರಿಯರು. ಅಕ್ಕಪಕ್ಕದ ಅಮೆರಿಕದ ಎಂಜಿನ್ನುಗಳ ನಡುವೆ ನಮ್ಮ ವೈಪಿ ಒಂದು ಸುತ್ತು ಬಂತು. ಸ್ವಲ್ಪ ಕುಂಟುತ್ತಿತ್ತು. ಎಲ್ಲರೂ ಗುಂಡಿಯ ನಾಲ್ಕು ತೂತುಗಳನ್ನು ಬಗ್ಗಿ ನೋಡಿದರು.

ವಿಡಿಯೋ ಕಾಲಿನಲ್ಲಿ ಮಾವ ನೋಡುತ್ತಿದ್ದರು. ಅಲ್ಲಿ ರಾತ್ರಿ ಹತ್ತು ಗಂಟೆ. ಗಾಡಿ ಇಲ್ಲಿನ ಪುಟ್ಟ ಸ್ಟೇಷನ್ನು ದಾಟುತ್ತಿದ್ದಂತೆ ಅವರ ಬಲಗೈ ತಾನಾಗಿ ಮೇಲೆದ್ದಿತು. ಚಿಕ್ಕಜಾಜೂರಿನಲ್ಲಿ ಬೆತ್ತದ ಬಳೆ ಹಿಡಿದು ನಿಲ್ಲುತ್ತಿದ್ದ ಹಾಗೆ. ಮುಂದಿನ ಹಳಿಗೆ ಹೋಗಲು ಡ್ರೈವರಿಗೆ ಕೊಡುವ ಅನುಮತಿಯ ಗುರುತು, ಟೋಕನ್, ಆ ಬಳೆಯಲ್ಲಿರುತ್ತಿತ್ತು.

"ಅಳಿಯಾ, ಟೋಕನ್ ಕೊಡದೆ ಬಿಟ್ಟೆಯಲ್ಲೋ" ಅಂದರು.