ಎಮ್ಮೆ ಎಲ್ಲಿ?

ಪ್ರೀತಿಯ ತಮ್ಮಾ,

ನಿನ್ನ ಹಸ್ತಪ್ರತಿ ಬಂದು ಮೂರು ವಾರ ಆಯಿತು. ಎರಡು ಸಲ ಓದಿದೆ. ಅದರ ಜೊತೆ ಇಟ್ಟಿದ್ದ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ‘ಇಬ್ಬರು ಹಿರಿಯರಿಗೆ ತೋರಿಸಿದೆ ಸರ್. ಗುಳೆ ಹೋದವರ ಕಥೆ ಬೇಕಾದಷ್ಟು ಬಂದಿವೆ, ಇದರಲ್ಲಿ ಹೊಸದೇನಿದೆ ಅಂದರು. ಒಲೆಗೆ ಹಾಕಿಬಿಡೋಣ ಅನ್ನಿಸ್ತಿದೆ’ ಅಂತ ಬರೆದಿದ್ದೀಯ. ಹಾಕಬೇಡ. ನನ್ನ ಮೇಲಾಣೆ.

ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1936ರಲ್ಲಿ ಒಂದು ಪುಟ್ಟ ಕಾದಂಬರಿ ಬರೆಯುತ್ತಿದ್ದ. ಮನೆಯಲ್ಲಿ ಟೋಬಿ ಅಂತ ಒಂದು ನಾಯಿಮರಿ. ಒಂದು ರಾತ್ರಿ ಅದನ್ನು ಒಂಟಿ ಬಿಟ್ಟಾಗ ಹಸ್ತಪ್ರತಿಯಲ್ಲಿ ಹತ್ತಿರ ಹತ್ತಿರ ಅರ್ಧ ಭಾಗವನ್ನು ಹರಿದು ಚೂರು ಮಾಡಿತು. ಬೇರೆ ಪ್ರತಿ ಇರಲಿಲ್ಲ. ಎರಡು ತಿಂಗಳ ದುಡಿಮೆ ಹೋಯಿತು. ಮತ್ತೆ ಕೂತು ಬರೆದ. 1937ರಲ್ಲಿ ಪುಸ್ತಕ ಬಂತು, ‘ಆಫ್ ಮೈಸ್ ಅಂಡ್ ಮೆನ್’. ಇಬ್ಬರ ಮಾತು ಕೇಳಿ ನೀನು ಒಲೆ ಹಚ್ಚುತ್ತೀಯಾ?

ಪ್ರಕಾಶಕರು ಯಾರು ಸಿಗಬಹುದು, ಎಷ್ಟು ಪುಟ ಇರಬೇಕು, ಮಾತೆಲ್ಲ ಯಾದಗಿರಿ ಕಡೆ ಭಾಷೆಯಲ್ಲೇ ಇದ್ದರೆ ಮೈಸೂರಿನವರಿಗೆ ತಿಳಿಯುತ್ತಾ ಅಂತೆಲ್ಲ ಕೇಳಿದ್ದೀಯ. ಅದನ್ನು ಹೇಳಿಕೊಡೋರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳೋದು ಬೇರೆಯೇ ಇದೆ. ಅದನ್ನು ಹೇಳಲು ನನಗೆ ಸಂಕಟ ಆಗುತ್ತೆ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ನಿನ್ನ ನಿಂಗ ಮತ್ತು ಹನುಮ ಊರು ಬಿಟ್ಟು ಬೆಂಗಳೂರಿಗೆ ಬಂದು ತಗಡಿನ ಶೆಡ್ಡಿನಲ್ಲಿ ಇರುತ್ತಾರೆ. ಸೆಂಟ್ರಿಂಗ್ ಕೆಲಸ. 92ನೇ ಪುಟದಲ್ಲಿ ಹನುಮ ನಾಲ್ಕನೇ ಮಹಡಿಯಿಂದ ಬೀಳುತ್ತಾನೆ. ಅಲ್ಲಿಂದ ಕೊನೆಯವರೆಗೆ 48 ಪುಟ ಬರೀ ದುಃಖ. ನಿಂಗ ತನ್ನ ಒಣಭೂಮಿಯಲ್ಲಿ ಬೋರ್ ಹಾಕಿಸಬೇಕು ಅಂತ ಕನಸು ಕಾಣುತ್ತಾನಲ್ಲ, ಅದಕ್ಕೆ ನೀನು ಕೊಟ್ಟಿದ್ದು ಹನ್ನೊಂದು ಸಾಲು. ನಾನು ಎಣಿಸಿದೆ. ಹನ್ನೊಂದೇ ಸಾಲು ತಮ್ಮಾ!

ಸ್ಟೈನ್‌ಬೆಕ್ಕನ ಆ ಪುಸ್ತಕ ನೀನು ಓದಿದ್ದೀಯ ಅಂತ ನಿನ್ನ ಕಾಗದದಿಂದ ತಿಳಿಯಿತು. ಓದಿ ಅತ್ತೆ ಅಂದಿದ್ದೀಯ. ಎಲ್ಲರೂ ಅಳುತ್ತಾರೆ. ಆದರೆ ಅದರಲ್ಲಿರೋ ಲೆಕ್ಕ ನೋಡಿದೆಯಾ?

ಜಾರ್ಜ್ ಮತ್ತು ಅವನ ಗೆಳೆಯ, ದೈತ್ಯ ಮೈಯ ಮಗುಬುದ್ಧಿಯ ಲೆನ್ನಿ, ಕ್ಯಾಲಿಫೋರ್ನಿಯಾದ ಸೊಲೆಡಾಡ್ ಹತ್ತಿರದ ಒಂದು ದೊಡ್ಡ ಜಮೀನಿಗೆ ಕೂಲಿಗೆ ಬರುತ್ತಾರೆ. ಸೊಲೆಡಾಡ್ ಅಂದರೆ ಸ್ಪ್ಯಾನಿಶ್‌ನಲ್ಲಿ ಒಂಟಿತನ. ಸಂಬಳ ತಿಂಗಳಿಗೆ 50 ಡಾಲರ್. ಅವರಿಗೆ ಬೇಕಾದ ಹತ್ತು ಎಕರೆಯ ಬೆಲೆ 600 ಡಾಲರ್. ಮಾರುವ ಮುದುಕ ಮುದುಕಿ ದಿವಾಳಿ ಆಗಿದ್ದಾರೆ, ಮುದುಕಿಗೆ ಆಪರೇಷನ್ ಆಗಬೇಕು, ಅದಕ್ಕೇ ಅಷ್ಟು ಕಮ್ಮಿ. ಇಬ್ಬರೇ ಇದ್ದಾಗ ಅದು ಬರೀ ಕಥೆ. ಅಲ್ಲೇ ಮಂಚದ ಮೇಲೆ ಕೂತು ಕ್ಯಾಂಡಿ ಅನ್ನೋ ಮುದುಕ ಕೇಳಿಸಿಕೊಳ್ಳುತ್ತಾನೆ. ಅವನಿಗೆ ಒಂದು ಕೈ ಇಲ್ಲ. ಕೈ ಹೋದದ್ದಕ್ಕೆ ಪರಿಹಾರ ಅಂತ ಸಿಕ್ಕ 250 ಡಾಲರ್ ಇದೆ, ಉಳಿಸಿದ್ದು 50, ತಿಂಗಳ ಕೊನೆಗೆ ಬರೋದು 50. ಒಟ್ಟು 350. ಇವರಿಬ್ಬರೂ ಒಂದು ತಿಂಗಳು ಏನೂ ಖರ್ಚು ಮಾಡದೆ ದುಡಿದರೆ 100. ಅಲ್ಲಿಗೆ 450 ಆಯಿತು. ಉಳಿದದ್ದನ್ನು ಆಮೇಲೆ ಕೊಡಬಹುದು.

ಆ ಪುಟದಲ್ಲಿ ಮೂವರೂ ಸುಮ್ಮನಾಗಿಬಿಡುತ್ತಾರೆ. ಒಬ್ಬರನ್ನೊಬ್ಬರು ನೋಡುತ್ತಾರೆ. ಇಷ್ಟು ವರ್ಷ ಬಾಯಿಮಾತಾಗಿದ್ದದ್ದು ಇನ್ನೊಂದು ತಿಂಗಳಿಗೆ ಕೈಗೆ ಬರುತ್ತೆ! ಕಾದಂಬರಿಯಲ್ಲಿ ನಾನು ಹೆದರಿದ್ದು ಅಲ್ಲಿ. ಮುಂದೆ ಯಾರು ಸಾಯುತ್ತಾರೆ ಅಂತ ಇನ್ನೂ ಗೊತ್ತಿರಲಿಲ್ಲ. ಆದರೂ ಎದೆ ಹಿಂಡಿತು.

ಅವರ ಕನಸಿನ ಒಳಗೆ ಏನೇನಿದೆ ನೋಡು. ಗಾಳಿಯಂತ್ರ, ಕೋಳಿಗೂಡು, ಚೆರ್ರಿ ಗಿಡ, ಹಂದಿಗೂಡು, ಮೊಲಗಳು, ಮೊಲಕ್ಕೆ ಹಾಕಲು ಕುದುರೆ ಮೆಂತೆ ಸೊಪ್ಪು. ಒಂದು ಹಸು. ಅದರ ಹಾಲಿನ ಕೆನೆ ಎಷ್ಟು ಗಟ್ಟಿ ಅಂದರೆ ಚಾಕುವಿನಿಂದ ಕೊಯ್ದು ಚಮಚದಲ್ಲಿ ಎತ್ತಬೇಕು. ಊರಿಗೆ ಸರ್ಕಸ್ ಬಂದರೆ ಹಸುವಿನ ಹಾಲು ಕರೆದು, ಕೋಳಿಗೆ ಕಾಳು ಎರಚಿ, ಹೊರಟುಬಿಡೋದು. ಯಾರನ್ನೂ ಕೇಳೋ ಹಂಗಿಲ್ಲ. ಇಷ್ಟೇ ಅವರ ಆಸೆ. ಯಾರನ್ನೂ ಕೇಳದೆ ಒಂದು ದಿನ ಸರ್ಕಸ್ ನೋಡಿ ಬರೋದು.

ಈಗ ನನ್ನ ಕಥೆ ಹೇಳುತ್ತೇನೆ.

ನನಗೆ ಆಗ 26 ವರ್ಷ. ಬೆಳಗಾವಿ ಕಡೆ ಕಬ್ಬು ಕಡಿಯುವ ಗ್ಯಾಂಗುಗಳ ಜೊತೆ ಒಂದು ಹಂಗಾಮು ಓಡಾಡಿದೆ, ಬರೆಯಬೇಕು ಅಂತಲೇ. ವಿಜಯಪುರದ ಕಡೆಯಿಂದ ಬಂದ ಒಬ್ಬ ಇದ್ದ. ರವದಿ, ಅಂದರೆ ಕಬ್ಬಿನ ಒಣಗರಿ, ಹೊದಿಸಿದ ಗುಡಿಸಲಿನ ಮುಂದೆ ರಾತ್ರಿ ಬೆಂಕಿ ಹಾಕಿಕೊಂಡು ಕೂತರೆ ಅವನ ಮಾತು ಒಂದೇ, ಎಮ್ಮೆ. ಮೂರು ಹಂಗಾಮು ಕಡಿದರೆ ಒಂದು ಎಮ್ಮೆ. ಮೊದಲನೇ ಹಂಗಾಮು ಮುಂಗಡಕ್ಕೆ ಹೋಗುತ್ತೆ, ಎರಡನೇದು ತಂಗಿ ಮದುವೆ ಸಾಲಕ್ಕೆ, ಮೂರನೇದು ಎಮ್ಮೆಗೆ. ಕೊಂಬು ಒಳಗೆ ಸುತ್ತಿರಬೇಕು. ಹಣೆಯಲ್ಲಿ ಬಿಳಿ ಇದ್ದರೆ ಬೇಡ. ಕೊಟ್ಟಿಗೆಯಲ್ಲಿ ಅಪ್ಪನ ಕಾಲದ ಗೂಟ ಹಾಗೇ ಇದೆ, ಬೇರೆ ಹೊಡೆಯೋದು ಬೇಡ. ಹೇಳುತ್ತಾ ಹೇಳುತ್ತಾ ಅಂಗೈ ಮಡಚಿ ಹಾಲು ಕರೆಯೋ ಹಾಗೆ ಮಾಡುತ್ತಿದ್ದ. ಆ ಕೈ ತುಂಬ ಕಬ್ಬಿನ ಗರಿ ಕೊಯ್ದ ಗೆರೆಗಳು.

ನಾನು ಕಥೆ ಬರೆದೆ. ಅವನ ಬೆನ್ನು, ಅವನ ಸಾಲ, ಗ್ಯಾಂಗಿನ ಮುಖ್ಯಸ್ಥ ಮುಕಾದಮನ ಬೈಗುಳ, ಎಲ್ಲ ಬಂತು. ಎಮ್ಮೆಗೂ ಅರ್ಧ ಪುಟ ಇತ್ತು. ಆಗ ನನಗಿಂತ ದೊಡ್ಡವರೊಬ್ಬರು, ನಾನು ತುಂಬ ಗೌರವಿಸುತ್ತಿದ್ದವರು, ಓದಿ ಹೇಳಿದರು: ‘ಕೂಲಿಯವನ ಕಥೆಯಲ್ಲಿ ಎಮ್ಮೆ ಗಿಮ್ಮೆ ಯಾಕಪ್ಪಾ, ಕಥೆ ಹಗುರ ಆಗುತ್ತೆ. ಕನಸು ಅಂದರೆ ಪಲಾಯನ.’ ಅವರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಹೋಗಿಲ್ಲ. ಅವರು ತೀರಿಕೊಂಡು ಬಹಳ ವರ್ಷ ಆಯಿತು, ಆದರೂ ಹೋಗಿಲ್ಲ. ಆದರೆ ಕತ್ತರಿ ಹಾಕಿದ ಕೈ ನನ್ನದೇ. ಕಥೆಗೆ ಬಹುಮಾನ ಬಂತು. ಶೋಷಣೆಯ ಕರಾಳ ಚಿತ್ರ ಅಂತ ಹೊಗಳಿದರು. ನಾನು ಹಿಗ್ಗಿದೆ.

ಐದಾರು ವರ್ಷದ ಮೇಲೆ ಅವನು ಮತ್ತೆ ಸಿಕ್ಕ. ಅವನಿಗೆ ಓದೋಕೆ ಬರಲ್ಲ. ನಾನೇ ಕೂರಿಸಿಕೊಂಡು ಇಡೀ ಕಥೆ ಓದಿ ಹೇಳಿದೆ. ತಲೆ ಬಗ್ಗಿಸಿ ಕೇಳಿದ. ಮುಗಿದ ಮೇಲೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದ. ಆಮೇಲೆ, ‘ಎಲ್ಲಾ ಖರೇನ ಐತ್ರಿ ಸಾಹೇಬ್ರ. ಎಮ್ಮಿ ಎಲ್ಲಿ?’ ಅಂದ.

ನನಗೆ ಉತ್ತರ ಹೊಳೆಯಲಿಲ್ಲ. ಇವತ್ತಿಗೂ ಹೊಳೆದಿಲ್ಲ. ಎಮ್ಮೆ ತಗೊಂಡನೋ ಇಲ್ಲವೋ ಅಂತ ಕೇಳುವ ಧೈರ್ಯವೂ ಆ ಹೊತ್ತು ಬರಲಿಲ್ಲ ತಮ್ಮಾ. ಅವನ ನೋವು ನಾನು ಬರೆಯದಿದ್ದರೂ ಅವನಿಗೆ ಗೊತ್ತಿತ್ತು, ಬೆನ್ನಿಗೇ ಅಂಟಿಕೊಂಡಿತ್ತು. ನಾನು ಜೋಪಾನ ಮಾಡಲಿ ಅಂತ ಅವನು ನನ್ನ ಕೈಗೆ ಕೊಟ್ಟಿದ್ದು ಆ ಎಮ್ಮೆ ಒಂದನ್ನೇ. ಅದನ್ನೇ ನಾನು ಕಳೆದೆ.

ಅದಕ್ಕೇ ನಿನ್ನ ಹನ್ನೊಂದು ಸಾಲು ನೋಡಿ ನನಗೆ ಅಷ್ಟು ಸಿಟ್ಟು ಬಂತು.

ಸ್ಟೈನ್‌ಬೆಕ್ ಆ ಕಣಿವೆಯವನೇ, ಸಲಿನಾಸ್ ಊರಲ್ಲಿ 1902ರಲ್ಲಿ ಹುಟ್ಟಿದವನು. ಹುಡುಗನಾಗಿದ್ದಾಗ ಸಕ್ಕರೆ ಕಂಪನಿಯ ಜಮೀನುಗಳಲ್ಲಿ ಕೆಲಸ ಮಾಡಿದ್ದ, ಅಲ್ಲಿ ಸಕ್ಕರೆ ತೆಗೆಯೋದು ಬೀಟ್ ಗಡ್ಡೆಯಿಂದ. ಲೆನ್ನಿ ನಿಜವಾಗಿ ಇದ್ದ ಮನುಷ್ಯ, ಅವನ ಪಕ್ಕದಲ್ಲಿ ವಾರಗಟ್ಟಲೆ ದುಡಿದಿದ್ದೇನೆ ಅಂತ 1937ರ ಒಂದು ಸಂದರ್ಶನದಲ್ಲಿ ಹೇಳಿದ್ದಾನೆ. ನಿಜವಾದ ಲೆನ್ನಿ ಕೊಂದದ್ದು ಹುಡುಗಿಯನ್ನಲ್ಲ, ಜಮೀನಿನ ಮೇಲ್ವಿಚಾರಕನನ್ನು, ಹುಲ್ಲು ಎತ್ತುವ ಕವೆಗೋಲಿನಿಂದ ತಿವಿದು. ಸಂದರ್ಶನದ ಹೊತ್ತಿಗೆ ಅವನು ಹುಚ್ಚಾಸ್ಪತ್ರೆಯಲ್ಲಿದ್ದ. ಯೋಚನೆ ಮಾಡು. ಇಂಥದ್ದನ್ನು ಕಣ್ಣಾರೆ ಕಂಡವನು ಆ ರಕ್ತವನ್ನೇ ಬರೆಯಬಹುದಿತ್ತು. ಕಾದಂಬರಿಯ ಲೆನ್ನಿ ಮೆತ್ತಗಿರೋದನ್ನು ಮುಟ್ಟೋ ಆಸೆಗೆ ಕೊಲ್ಲುತ್ತಾನೆ. ಮೊದಲು ಜೇಬಿನಲ್ಲಿ ಇಲಿ, ಆಮೇಲೆ ನಾಯಿಮರಿ, ಆಮೇಲೆ ಒಬ್ಬ ಹೆಂಗಸಿನ ಕೂದಲು. ಅವನ ಕನಸಿನಲ್ಲಿರೋ ಮೊಲಗಳೂ ಮೆತ್ತಗೇ ಇರುತ್ತವೆ. ಅವನನ್ನು ಕುಣಿಸಿದ ಆಸೆಯೇ ಅವನ ಜೀವ ತೆಗೆಯಿತು. ಕನಸು ಗೊತ್ತಿಲ್ಲದಿದ್ದರೆ ಅವನ ಸಾವು ನಮಗೆ ತಿಳಿಯುತ್ತಲೇ ಇರಲಿಲ್ಲ.

ಆ ಪುಸ್ತಕದಲ್ಲಿ ಕನಸಿಲ್ಲದವರು ಅಪರೂಪ. ಲಾಯದ ಪಕ್ಕದ ಕೋಣೆಯಲ್ಲಿ ಕ್ರೂಕ್ಸ್ ಒಬ್ಬನೇ ಇರುತ್ತಾನೆ. ಕಪ್ಪು ಮನುಷ್ಯ ಅಂತ ಉಳಿದವರ ಜೊತೆ ಮಲಗೋ ಹಾಗಿಲ್ಲ. ತಲೆಯಲ್ಲಿ ಜಮೀನು ಹೊತ್ತುಕೊಂಡು ಬಂದ ನೂರಾರು ಜನರನ್ನು ನೋಡಿದ್ದೇನೆ, ಒಬ್ಬನಿಗೂ ಸಿಗಲಿಲ್ಲ ಅಂತ ಮೊದಲು ಹಂಗಿಸುತ್ತಾನೆ. ಕ್ಯಾಂಡಿ ದುಡ್ಡಿನ ಮಾತು ಎತ್ತಿದ ಮೇಲೆ ಮೆಲ್ಲಗೆ, ಊಟ ಹಾಕಿದರೆ ಸಾಕು, ನಾನೂ ಬಂದು ದುಡಿಯುತ್ತೇನೆ ಅನ್ನುತ್ತಾನೆ. ಧಣಿಯ ಸೊಸೆ ಬಂದು ಅವನಿಗೆ ಅವಮಾನ ಮಾಡಿದ ಮೇಲೆ, ಸುಮ್ನೆ ತಮಾಷೆಗೆ ಅಂದೆ ಬಿಡಿ ಅಂತ ಹಿಂದೆ ತಗೊಳ್ಳುತ್ತಾನೆ. ಒಂದು ಕನಸು ಹುಟ್ಟಿ ಸಾಯೋದು ಕೆಲವೇ ಪುಟದಲ್ಲಿ, ರಕ್ತ ಇಲ್ಲದೆ! ಆ ಸೊಸೆಗೂ ಒಂದಿದೆ. ಸಿನಿಮಾದವರು ಕಾಗದ ಬರೀತೀವಿ ಅಂದಿದ್ದರು, ಬರಲಿಲ್ಲ, ಅಮ್ಮನೇ ಕದ್ದಳು ಅಂತ ನಂಬಿದ್ದಾಳೆ. ಪುಸ್ತಕದಲ್ಲಿ ಅವಳಿಗೊಂದು ಹೆಸರೂ ಇಲ್ಲ, ಆದರೆ ಆ ಕಾಗದ ಇದೆ.

ನಿನ್ನ ಮೇಸ್ತ್ರಿಗೆ ಏನು ಬೇಕು? ಶೆಡ್ಡಿನಲ್ಲಿ ಅಡುಗೆ ಮಾಡೋ ಆ ಹೆಂಗಸಿಗೆ? ಅವಳ ಕಣ್ಣೀರು ಮೂರು ಕಡೆ ಬರುತ್ತೆ, ಆಸೆ ಒಂದು ಕಡೆಯೂ ಬರಲ್ಲ.

ಹನುಮ ಬಿದ್ದ ಮೇಲಿನ 48 ಪುಟದ ಬಗ್ಗೆ ಒಂದು ಮಾತು. ಕ್ಯಾಂಡಿಯ ಮುದಿ ನಾಯಿಯನ್ನು ಕಾರ್ಲ್‌ಸನ್ ಅನ್ನೋ ಇನ್ನೊಬ್ಬ ಕೂಲಿಯವನು ಹೊರಗೆ ಕರೆದುಕೊಂಡು ಹೋಗೋ ಜಾಗ ಇನ್ನೊಮ್ಮೆ ಓದು. ನಾಯಿ ವಾಸನೆ ಬರುತ್ತೆ, ಕೊಂದುಬಿಡೋಣ ಅಂತ ಎಲ್ಲರೂ ಸೇರಿ ಒಪ್ಪಿಸಿದ್ದಾರೆ. ಗುಂಡಿನ ಸದ್ದು ಬರಬೇಕು, ಬರುತ್ತಿಲ್ಲ. ಯಾರೋ ಹೇಸರಗತ್ತೆಯ ಗೊರಸಿನ ಮಾತು ಎತ್ತುತ್ತಾರೆ, ಅದೂ ನಿಲ್ಲುತ್ತೆ. ಜಾರ್ಜ್ ಇಸ್ಪೀಟು ಕಲಸುತ್ತಾನೆ. ಕ್ಯಾಂಡಿ ಮಲಗಿ ಸೂರು ನೋಡುತ್ತಿದ್ದಾನೆ. ನೆಲದ ಹಲಗೆಯ ಕೆಳಗೆ ಏನೋ ಕರಕರ ಕಡಿಯೋ ಸದ್ದು. ಸದ್ಯ, ನೋಡೋಕೆ ಏನೋ ಸಿಕ್ಕಿತಲ್ಲ ಅಂತ ಎಲ್ಲರೂ ಆ ಕಡೆ ನೋಡುತ್ತಾರೆ. ದೂರದಲ್ಲಿ ಗುಂಡು ಹಾರುತ್ತೆ. ಕ್ಯಾಂಡಿ ನಿಧಾನಕ್ಕೆ ಗೋಡೆ ಕಡೆ ಹೊರಳುತ್ತಾನೆ. ಮುಗಿಯಿತು. ಆ ಪುಸ್ತಕಕ್ಕೆ ಸ್ಟೈನ್‌ಬೆಕ್ ಮೊದಲು ಇಟ್ಟುಕೊಂಡಿದ್ದ ಹೆಸರೇ ‘ಏನೋ ಒಂದು ನಡೆಯಿತು’ ಅನ್ನೋ ಅರ್ಥದ್ದು. ನಿನ್ನ 48 ಪುಟದಲ್ಲಿ ಆಂಬುಲೆನ್ಸ್ ಬರೋ ತನಕ ನಿಂಗ ಹನುಮನ ಚಪ್ಪಲಿ ಹುಡುಕುತ್ತಾನಲ್ಲ, ಅಷ್ಟು ಇಟ್ಟುಕೋ. ಅದು ನನ್ನನ್ನು ಬಿಡುತ್ತಿಲ್ಲ. ಉಳಿದದ್ದು ತೆಗೆದರೆ ಆ ಜಾಗದಲ್ಲಿ ಬೋರ್‌ವೆಲ್ ಬರಲಿ.

ಸ್ನೇಹದ ಬಗ್ಗೆ ಕೇಳಿದ್ದೀಯ. ‘ಇವರಿಬ್ಬರ ಗೆಳೆತನ ಗಟ್ಟಿಯಾಗಿ ಬಂದಿದೆಯಾ ಸರ್’ ಅಂತ. ಒಂದೇ ತಟ್ಟೆಯಲ್ಲಿ ಉಣ್ಣೋದು, ಜ್ವರ ಬಂದಾಗ ಕಾಲು ಒತ್ತೋದು, ಎಲ್ಲ ಬರೆದಿದ್ದೀಯ. ಚೆನ್ನಾಗಿದೆ. ಆದರೆ ಜಾರ್ಜ್ ಕೊನೆಗೆ ಏನು ಹೇಳುತ್ತಾನೆ ನೆನಪು ಮಾಡಿಕೋ. ಧಣಿಯ ಸೊಸೆ ಲೆನ್ನಿಯ ಕೈಯಲ್ಲಿ ಸತ್ತು ಹುಲ್ಲಿನ ಮೇಲೆ ಬಿದ್ದಿದ್ದಾಳೆ. ಇನ್ನು ನಾವಿಬ್ಬರೇ ಆ ಜಾಗ ತಗೋಬಹುದಲ್ವಾ ಅಂತ ಕ್ಯಾಂಡಿ ಅಂಗಲಾಚುತ್ತಾನೆ. ಆಗೋದಿಲ್ಲ ಅಂತ ನನಗೆ ಮೊದಲಿನಿಂದಲೇ ಗೊತ್ತಿತ್ತೇನೋ, ಲೆನ್ನಿಗೆ ಅದನ್ನು ಕೇಳೋದು ಅಂದರೆ ಅಷ್ಟು ಇಷ್ಟ, ಅದಕ್ಕೇ ಆಗಬಹುದು ಅಂತ ನಾನೂ ನಂಬತೊಡಗಿದೆ ಅನ್ನುತ್ತಾನೆ ಜಾರ್ಜ್.

ಹೇಳುವವನು ಜಾರ್ಜ್. ಆದರೆ ಕನಸನ್ನು ಬದುಕಿಸಿಟ್ಟವನು ಕೇಳಿದವನು. ‘ಮೊಲದ ವಿಷಯ ಹೇಳು ಜಾರ್ಜ್’ ಅಂತ ಪೀಡಿಸಿದವನು. ಕೊನೆಗೆ ನದಿಯ ದಂಡೆಯಲ್ಲಿ ಕೂರಿಸಿ, ಆಚೆ ದಡ ನೋಡು ಅಂತ ಹೇಳಿ, ಜಾರ್ಜ್ ಅದೇ ಕಥೆ ಶುರು ಮಾಡುತ್ತಾನೆ. ಬೆನ್ನ ಹಿಂದೆ ಪಿಸ್ತೂಲು, ಹುಡುಕಿಕೊಂಡು ಬರುತ್ತಿರೋರ ಕೈಗೆ ಲೆನ್ನಿ ಸಿಗಬಾರದು ಅಂತ. ಲೆನ್ನಿ ಅವಸರ ಮಾಡುತ್ತಾನೆ, ಈಗಲೇ ಹೋಗೋಣ, ಈಗಲೇ ಆ ಜಾಗ ತಗೊಳ್ಳೋಣ. ಜಾರ್ಜ್, ಹೌದು, ಈಗಲೇ ಅನ್ನುತ್ತಾನೆ. ಇಲ್ಲಿಗೆ ಬಂದಾಗ ನನಗೆ ಪ್ರತಿ ಸಲವೂ ಆ ಗುಡಿಸಲಿನ ಮುಂದಿನ ಬೆಂಕಿ ಕಾಣುತ್ತೆ. ಅಲ್ಲಿ ಕೇಳುವವನು ನಾನಾಗಿದ್ದೆ. ಆ ಇಡೀ ಹಂಗಾಮು ಅವನು ಎಮ್ಮೆಯ ಮಾತಾಡಿದ್ದು ನನ್ನ ಮುಖ ನೋಡಿಕೊಂಡು.

ನಿನ್ನ ಹಸ್ತಪ್ರತಿ ವಾಪಸು ಕಳಿಸುತ್ತಿದ್ದೇನೆ. ಅಲ್ಲಲ್ಲಿ ಪೆನ್ಸಿಲ್ ಗುರುತು ಹಾಕಿದ್ದೇನೆ, ಬೇಡ ಅನ್ನಿಸಿದರೆ ಅಳಿಸಿಬಿಡು. ಒಂದು ಗುರುತು ಮಾತ್ರ ಅಳಿಸಬೇಡ, 31ನೇ ಪುಟದ್ದು. ರಾತ್ರಿ ಕರೆಂಟು ಹೋಗಿದೆ. ಇಬ್ಬರೂ ಶೆಡ್ಡಿನ ಹೊರಗೆ ಸಿಮೆಂಟು ಚೀಲದ ಮೇಲೆ ಮಲಗಿದ್ದಾರೆ. ನಿಂಗ ಬೋರಿನ ವಿಷಯ ತೆಗೆಯುತ್ತಾನೆ. ಹನುಮ ಎದ್ದು ಕೂತು, ‘ಎಷ್ಟು ಇಂಚು ನೀರು ಬೀಳ್ತಾವಲೇ?’ ಅಂತ ಕೇಳುತ್ತಾನೆ. ಅಷ್ಟರಲ್ಲಿ ನೀನು ಮೇಸ್ತ್ರಿಯನ್ನು ಕರೆತಂದು ಬೈಸಿಬಿಟ್ಟೆ. ನಿಂಗ ಉತ್ತರ ಹೇಳಲೇ ಇಲ್ಲ.

ಎಷ್ಟು ಇಂಚು? ಅದನ್ನು ಬರೆದು ಕಳಿಸು. ಕಾಯುತ್ತಿರುತ್ತೇನೆ.

ನಿನ್ನ ಅಣ್ಣನಂಥವನು